ತಲೆಗೆ ಪೆಟ್ಟಾದವರಿಗೆ ಟ್ಯೂಬ್ ಫೀಡಿಂಗ್: ನನ್ನ ಟಿಪ್ಪಣಿ

ಪ್ರಜ್ಞೆ ಇಲ್ಲದೆ ಸುಮ್ನೆ ಮಲಗಿರುವವರಿಗೆ ಎಷ್ಟು ಆಹಾರ ಬೇಕಾದೀತು? ಕಮ್ಮಿ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಮಿದುಳಿಗೆ ಪೆಟ್ಟಾದಾಗ ಅಡ್ರಿನಾಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ. ಮಲಗಿದ್ದರೂ ದೇಹ ಜಾಸ್ತಿ ಶಕ್ತಿ ಉರಿಸುತ್ತದೆ, ಸ್ನಾಯು ಕರಗುತ್ತದೆ. ಜ್ವರ ಬಂದರೆ ಇನ್ನೂ ಹೆಚ್ಚು. ಬಾರ್ಬಿಟ್ಯುರೇಟ್ (ಗಾಢ ನಿದ್ದೆ ತರಿಸುವ ಔಷಧಿ) ಕೊಟ್ಟು ಮಲಗಿಸಿದ್ದರೆ ಮಾತ್ರ ಬೇಕಾದ ಶಕ್ತಿಯ ಲೆಕ್ಕ ಇಳಿಯುತ್ತದೆ. ಪ್ರೋಟೀನ್ ದಿನಕ್ಕೆ ಕೆಜಿಗೆ 1.5ರಿಂದ 2.5 ಗ್ರಾಂ, ಅಂದರೆ 60 ಕೆಜಿಯವರಿಗೆ 90ರಿಂದ 150 ಗ್ರಾಂ.

ಬಿಪಿ ಸ್ಥಿರವಾದ ಮೇಲೆ 24ರಿಂದ 48 ಗಂಟೆಯೊಳಗೆ ಟ್ಯೂಬಿನಿಂದ ದ್ರವ ಆಹಾರ (ಫೀಡ್) ಶುರು ಮಾಡುವುದು ವಾಡಿಕೆ. ಮಿದುಳಿನ ಪೆಟ್ಟಿನ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಅಮೆರಿಕದ ಸಂಸ್ಥೆ ಬ್ರೈನ್ ಟ್ರಾಮಾ ಫೌಂಡೇಶನ್‌ನ 2016ರ ಮಾರ್ಗಸೂಚಿ ಪ್ರಕಾರ ದೇಹದ ಮೂಲ ಅಗತ್ಯದಷ್ಟು ಕ್ಯಾಲೊರಿ ಐದನೇ ದಿನದೊಳಗೆ, ತೀರಾ ತಡ ಅಂದರೆ ಏಳನೇ ದಿನದೊಳಗೆ ಸಿಗಬೇಕು.

ಟ್ಯೂಬ್ ಅಂದ ಕೂಡಲೇ ಮೂಗು ನೆನಪಾಗುತ್ತದೆ, ಅಲ್ವಾ? ಇಲ್ಲಿ ಒಂದು ಕ್ಷಣ ನಿಲ್ಲಿ. ತಲೆಬುರುಡೆಯ ತಳ ಮುರಿದಿರುವ ಅನುಮಾನ ಇದ್ದರೆ (ಕಣ್ಣ ಸುತ್ತ ಕಪ್ಪು, ಕಿವಿ ಹಿಂದೆ ಕಂದು, ಮೂಗಿನಿಂದ ನೀರು) ಮೂಗಿನಿಂದ ಹಾಕಿದ ಟ್ಯೂಬ್ ಮಿದುಳಿಗೇ ಹೋಗಬಹುದು. ಹಾಗಾಗಿ ಅಂಥವರಿಗೆ ಬಾಯಿಯಿಂದ ಹಾಕುತ್ತಾರೆ. ಸರಿಯಾದ ಜಾಗದಲ್ಲಿದೆಯಾ ಅಂತ ಎಕ್ಸ್‌ರೇಯಲ್ಲಿ ನೋಡಿಯೇ ಫೀಡ್ ಶುರು. ಟ್ಯೂಬಿಗೆ ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್‌ನಲ್ಲಿ ಕೇಳುವುದನ್ನು ನಂಬಬೇಡಿ. ಶ್ವಾಸಕೋಶದಲ್ಲಿದ್ದರೂ ಅಂಥದ್ದೇ ಸದ್ದು ಬರಬಹುದು.

ಮುಂದಿನ ತಲೆನೋವು ಹೊಟ್ಟೆ. ತಲೆಯೊಳಗಿನ ಒತ್ತಡ, ಮಾರ್ಫಿನ್‌ನಂಥ ಔಷಧಿ ಎರಡೂ ಜಠರವನ್ನು ನಿಧಾನ ಮಾಡುತ್ತವೆ. ಫೀಡ್ ಅಲ್ಲೇ ನಿಂತು, ಮೇಲೆ ಬಂದು, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಅದಕ್ಕೇ ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತುವುದು. ಬೆನ್ನುಮೂಳೆಗೆ ಪೆಟ್ಟಿದ್ದರೆ ಎತ್ತುವ ಮೊದಲು ವೈದ್ಯರನ್ನು ಕೇಳಿ. ಇಷ್ಟಾದರೂ ಜಠರ ಕೆಲಸ ಮಾಡದಿದ್ದರೆ ಟ್ಯೂಬನ್ನು ಸಣ್ಣ ಕರುಳಿನವರೆಗೆ ಇಳಿಸುತ್ತಾರೆ.

ವಾರ್ಡಿನಲ್ಲಿ ಜಾಸ್ತಿ ಕಾಡುವುದು ಫೆನಿಟಾಯಿನ್. ಫಿಟ್ಸ್ ತಡೆಯುವ ಈ ಔಷಧಿ ಟ್ಯೂಬಿನಲ್ಲಿ ಫೀಡ್ ಜೊತೆ ಹೋದರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಹಾಗಾಗಿ ಕೊಡುವ ಮುಂಚೆ, ಕೊಟ್ಟ ಮೇಲೆ ಒಂದೆರಡು ಗಂಟೆ ಫೀಡ್ ನಿಲ್ಲಿಸುವುದು ರೂಢಿ. ಈಗ ಲೆಕ್ಕ ಹಾಕಿ. ದಿನಕ್ಕೆ ಎರಡು ಡೋಸ್, ಹಿಂದೆ ಮುಂದೆ ಎರಡೆರಡು ಗಂಟೆ: ಎಂಟು ಗಂಟೆ ಹೋಯಿತು. ದಿನಕ್ಕೆ 1500 ಮಿಲಿ ಫೀಡ್ ಅಂದರೆ, 24 ಗಂಟೆಯೂ ಓಡಿಸಿದರೆ, ಗಂಟೆಗೆ ಸುಮಾರು 62 ಮಿಲಿ. ಉಳಿದ 16 ಗಂಟೆಯಲ್ಲೇ ಅಷ್ಟೂ ಹೋಗಬೇಕಾದರೆ ಗಂಟೆಗೆ ಸುಮಾರು 94. ಫೀಡ್ ಹರಿಸುವ ಪಂಪ್ 62ರಲ್ಲೇ ಓಡುತ್ತಿದ್ದರೆ ರೋಗಿಗೆ ದಿನಾ 500 ಮಿಲಿ ಖೋತಾ.