ಫೋನಿನಲ್ಲಿರುವ ಆ ಪ್ರೋಟೋಕಾಲ್ ಯಾವ ವರ್ಷದ್ದು?

ರಾತ್ರಿ ಡ್ಯೂಟಿಯ ಡಾಕ್ಟರಿಗೆ ಒಂದು ಡೋಸ್ ಬಗ್ಗೆ ಅನುಮಾನ ಬಂದರೆ ಈಗ ಪುಸ್ತಕ ಹುಡುಕುತ್ತಾ ಹೋಗಬೇಕಿಲ್ಲ. ಜೇಬಿನಲ್ಲಿ ಫೋನ್ ಇದೆ. ಇದು ಒಳ್ಳೆಯದೇ. ನೆನಪನ್ನು ನಂಬಿ ಬರೆಯುವುದಕ್ಕಿಂತ ರೋಗಿಯ ಪಕ್ಕದಲ್ಲೇ ನಿಂತು ನೋಡಿ ಬರೆಯುವುದು ಎಷ್ಟೋ ವಾಸಿ. ಆದರೆ ಯಾವ ಕಾಯಿಲೆಗೆ ಹೇಗೆ ಚಿಕಿತ್ಸೆ ಕೊಡಬೇಕು ಎಂದು ಬರೆದಿಟ್ಟ ಆಸ್ಪತ್ರೆಯ ಪ್ರೋಟೋಕಾಲ್‌ಗಳನ್ನು ನೋಡಿಕೊಳ್ಳುವ ನನಗೆ ಚಿಂತೆ ಇರುವುದು ಫೋನಿನ ಬಗ್ಗೆ ಅಲ್ಲ, ಅದರೊಳಗಿನ ಪಿಡಿಎಫ್‌ಗಳ ಬಗ್ಗೆ.

ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಪ್ರೋಟೋಕಾಲ್ ಹಾಕುತ್ತಾರೆ. ಎಲ್ಲರೂ ಇಳಿಸಿಕೊಳ್ಳುತ್ತಾರೆ. ಹೊಸದು ಬಂದಾಗ ಹಳೆಯದನ್ನು ಅಳಿಸುವವರು ಕಡಿಮೆ. ಅವಸರದಲ್ಲಿ ಹುಡುಕಿದಾಗ ಯಾವುದು ಮೊದಲು ಕಣ್ಣಿಗೆ ಬೀಳುತ್ತದೋ ಅದರಂತೆ ಚಿಕಿತ್ಸೆ ನಡೆಯುತ್ತದೆ.

ಸೆಪ್ಸಿಸ್, ಅಂದರೆ ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳೇ ಕೆಡುವ ಸ್ಥಿತಿ, ಅದರ ಉದಾಹರಣೆಯನ್ನೇ ನೋಡಿ. ಇದರ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಅಂತರರಾಷ್ಟ್ರೀಯ ತಜ್ಞರ ಬಳಗ 'ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್' 2016ರಲ್ಲಿ ಕೊಟ್ಟ ಸಲಹೆ ಪ್ರಕಾರ, ಶಾಕ್ (ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುವುದು) ಇರಲಿ ಬಿಡಲಿ, ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕಿತ್ತು. 2021ರಲ್ಲಿ ಇದು ಬದಲಾಯಿತು. ಶಾಕ್ ಇದ್ದರೆ ಅಥವಾ ಸೆಪ್ಸಿಸ್ ಸಾಧ್ಯತೆ ಜಾಸ್ತಿ ಇದ್ದರೆ ಈಗಲೂ ಒಂದು ಗಂಟೆಯೇ. ಶಾಕ್ ಇಲ್ಲದೆ ಬರೀ ಅನುಮಾನ ಮಾತ್ರ ಇದ್ದರೆ, ಬೇಗನೆ ಬೇರೆ ಕಾರಣಗಳನ್ನೂ ಹುಡುಕಿ, ಅನುಮಾನ ಹೋಗದಿದ್ದರೆ ಮೂರು ಗಂಟೆಯೊಳಗೆ ಕೊಡಬಹುದು. ಉಸಿರಾಟ, ರಕ್ತದೊತ್ತಡ, ಪ್ರಜ್ಞೆ ನೋಡಿ ಅಂಕ ಕೊಡುವ ಕ್ಯೂಸೋಫಾ ಸ್ಕೋರ್ ಒಂದನ್ನೇ ನಂಬಿ ಸೆಪ್ಸಿಸ್ ಪತ್ತೆ ಮಾಡಬೇಡಿ ಎಂದೂ ಅದೇ ವರ್ಷ ಹೇಳಿದರು. ಹಳೆಯ ಪಿಡಿಎಫ್ ಇಟ್ಟುಕೊಂಡ ಡಾಕ್ಟರು ಸೋಮಾರಿಯಲ್ಲ. ನಿಯಮವನ್ನು ಶ್ರದ್ಧೆಯಿಂದಲೇ ಪಾಲಿಸುತ್ತಿದ್ದಾರೆ, ಆದರೆ ಆ ನಿಯಮ ಈಗ ಇಲ್ಲ.

ಕ್ಯಾಲ್ಕ್ಯುಲೇಟರ್ ಆ್ಯಪ್‌ಗಳ ತೊಂದರೆ ಬೇರೆ ಥರ. ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಡೆಸಿಲೀಟರಿಗೆ 1.2 ಮಿಲಿಗ್ರಾಂ ಅಂದರೆ ಇನ್ನೊಂದು ಅಳತೆಯಲ್ಲಿ ಲೀಟರಿಗೆ ಸುಮಾರು 106 ಮೈಕ್ರೋಮೋಲ್. ಆ್ಯಪ್ ಮೈಕ್ರೋಮೋಲ್ ಕೇಳುತ್ತಿರುವಾಗ 1.2 ಎಂದು ಒತ್ತಿದರೆ ಕಿಡ್ನಿ ನಿಜಕ್ಕಿಂತ ಎಷ್ಟೋ ಚೆನ್ನಾಗಿರುವಂತೆ ಕಾಣುತ್ತದೆ. ಅಂಥ ಅಂಕಿಯನ್ನು ತಡೆದು 'ಅಳತೆ ಸರಿಯಿದೆಯಾ?' ಎಂದು ಕೇಳದ ಆ್ಯಪ್ ನನ್ನ ವಾರ್ಡಿಗೆ ಬೇಡ. ಯಾವ ಸೂತ್ರ ಬಳಸಿದೆ ಅನ್ನುವುದನ್ನೂ ಅದು ತೋರಿಸಬೇಕು. ಕಿಡ್ನಿಯ ಸಾಮರ್ಥ್ಯ ಲೆಕ್ಕ ಹಾಕುವ ಸೂತ್ರ ಒಂದೇ ಅಲ್ಲ; ತೆಳ್ಳಗಿನ ವಯಸ್ಸಾದವರಲ್ಲಿ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದ ಉತ್ತರಕ್ಕೂ ಸಿಕೆಡಿ-ಎಪಿ ಸೂತ್ರದ ಉತ್ತರಕ್ಕೂ ದೊಡ್ಡ ವ್ಯತ್ಯಾಸ ಬರಬಹುದು. ಡೋಸ್ ನಿರ್ಧಾರವಾಗುವುದೇ ಆ ಅಂಕಿಯ ಮೇಲೆ, ಅಲ್ವಾ?

ಹಾಗಾಗಿ ಫೈಲ್ ಕಳಿಸುವುದನ್ನು ನಿಲ್ಲಿಸಿ, ಲಿಂಕ್ ಕಳಿಸಿ. ಪ್ರತಿ ಪ್ರೋಟೋಕಾಲ್‌ನ ತಲೆಯಲ್ಲೇ ಯಾರ ಹೊಣೆ, ಯಾವಾಗ ಒಪ್ಪಿದ್ದು, ಮತ್ತೆ ಯಾವಾಗ ಪರಿಶೀಲನೆ ಅನ್ನುವುದು ಕಾಣಲಿ. ಹೊಣೆ ಹೊರುವವರೇ ಇಲ್ಲದ ಪ್ರೋಟೋಕಾಲ್ ತೆಗೆದುಹಾಕುವುದೇ ಒಳ್ಳೆಯದು. ನೆಟ್‌ವರ್ಕ್ ಸಿಗದ ಕಡೆಗೆ ಆಫ್‌ಲೈನ್ ಪ್ರತಿ ಬೇಕೇ ಬೇಕು. ಅದು ಕೊನೆಯ ಸಲ ಅಪ್‌ಡೇಟ್ ಆದ ದಿನಾಂಕ ಮಾತ್ರ ಎದ್ದು ಕಾಣಬೇಕು. ರೋಗಿಯ ಫೋಟೋ, ರಿಪೋರ್ಟ್ ಸ್ವಂತ ಫೋನಿನಲ್ಲಿ ಉಳಿಯಬಾರದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಇನ್ನೊಂದು ಕೆಲಸ ಇದೆ, ಇದಕ್ಕೆ ಖರ್ಚೇನೂ ಇಲ್ಲ. ಪ್ರೋಟೋಕಾಲ್ ಮೇಲಿನಿಂದ ಬರುತ್ತದೆ, ಅದು ಎಲ್ಲಿ ಕೈಕೊಡುತ್ತದೆ ಅನ್ನುವುದು ನರ್ಸ್‌ಗಳಿಗೆ ಮೊದಲು ಗೊತ್ತಾಗುತ್ತದೆ. ಬರೆದ ಔಷಧ ಸ್ಟಾಕ್‌ನಲ್ಲೇ ಇರುವುದಿಲ್ಲ, ಪಂಪ್‌ನ ಸೆಟ್ಟಿಂಗ್ ಹೊಂದುವುದಿಲ್ಲ. ಆ ಪುಟದಲ್ಲೇ ಇದನ್ನು ಬರೆದು ಕಳಿಸುವ ಒಂದು ಬಟನ್ ಇರಲಿ, ಯಾರಾದರೂ ಅದಕ್ಕೆ ಉತ್ತರವನ್ನೂ ಕೊಡಲಿ. ಜನ ಹುಡುಕಿಯೂ ಸಿಗದೇ ಹೋದ ಪದಗಳನ್ನು ತಿಂಗಳಿಗೊಮ್ಮೆ ತೆಗೆದು ಓದಿ. ಮುಂದಿನ ಪ್ರೋಟೋಕಾಲ್ ಯಾವುದರ ಮೇಲೆ ಬರೆಯಬೇಕು ಅನ್ನುವುದು ಸಮಿತಿಯ ಸಭೆಗಿಂತ ಆ ಪಟ್ಟಿಯಲ್ಲೇ ಬೇಗ ಸಿಗುತ್ತದೆ.