ನಗೋಯಾ ಕೋಟೆ: ಯಾವ ಕಾಲದ ಗೋಪುರ ಅಸಲಿ?

ಜಪಾನಿನ ನಗೋಯಾ ಕೋಟೆಯ ಪ್ರಧಾನ ಗೋಪುರಕ್ಕೆ 2018ರ ಮೇ ತಿಂಗಳಲ್ಲಿ ಬೀಗ ಬಿತ್ತು. ಈ ಕಾಂಕ್ರೀಟ್ ಕಟ್ಟಡ ದೊಡ್ಡ ಭೂಕಂಪವನ್ನು ತಾಳಲಾರದು, ಇದನ್ನು ಕೆಡವಿ ಹಿಂದಿನಂತೆಯೇ ಮರದಲ್ಲಿ ಕಟ್ಟೋಣ ಎಂಬುದು ನಗರಾಡಳಿತದ ಯೋಜನೆ. ಲಿಫ್ಟ್ ಇರಬೇಕೇ, ಹಳೆಯ ಕಲ್ಲಿನ ಪೀಠಕ್ಕೆ ಧಕ್ಕೆಯಾದೀತೇ ಎಂಬ ಜಗಳದಲ್ಲಿ ಅದು ವರ್ಷಗಟ್ಟಲೆ ಸಿಕ್ಕಿಕೊಂಡಿತು.

ಇಲ್ಲಿದ್ದ ಮೊದಲ ಕೋಟೆ ಇಮಗಾವಾ ಮನೆತನದ ಕೈಯಿಂದ ಓಡಾ ಮನೆತನಕ್ಕೆ ಹೋಗಿ, ಆಮೇಲೆ ಪಾಳುಬಿತ್ತು. 1610ರಲ್ಲಿ, ಜಪಾನಿನ ಆಳ್ವಿಕೆಯನ್ನು ಕೈಯಲ್ಲಿಟ್ಟುಕೊಂಡಿದ್ದ ತೊಕುಗಾವಾ ಇಯೆಯಾಸು ತನ್ನ ಒಂಬತ್ತನೆಯ ಮಗ ಯೊಶಿನಾವೊಗಾಗಿ ಹೊಸ ಕೋಟೆಗೆ ಕೈಹಾಕಿದ. ಕಲ್ಲಿನ ಕೆಲಸ ಬಿದ್ದದ್ದು 20 ಸಾಮಂತರ ತಲೆಗೆ. ಅವರ ಬೊಕ್ಕಸ ಕರಗಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಯಾರ ಕಲ್ಲು ಯಾವುದೆಂದು ತಿಳಿಯಲು ಕೊರೆದ ಗುರುತುಗಳು ಗೋಡೆಯಲ್ಲಿ ಇಂದಿಗೂ ಇವೆ. ಗೋಪುರದ ಪೀಠ ಆ ಸಾಮಂತರಲ್ಲೊಬ್ಬನಾದ ಕಾಟೊ ಕಿಯೊಮಾಸಾನ ಕೆಲಸ. ಗೋಪುರ 1612ರಲ್ಲಿ ಎದ್ದು ನಿಂತಿತು.

ಆ ಬಳಿಕ, 1868ರಲ್ಲಿ ಶುರುವಾದ ಮೇಜಿ ಕಾಲದವರೆಗೂ, ಕೋಟೆ ಯೊಶಿನಾವೊನ ವಂಶದ್ದೇ, ಅಂದರೆ ನಗೋಯಾ ಸುತ್ತಲಿನ ಒವಾರಿ ಸೀಮೆಯನ್ನು ಆಳಿದ ಒವಾರಿ ತೊಕುಗಾವಾ ಮನೆತನದ್ದೇ. ಅವರಲ್ಲಿ ಮರೆಯಲಾಗದವನು ಏಳನೆಯ ದೊರೆ ಮುನೆಹಾರು. ಜಪಾನನ್ನು ಆಳುತ್ತಿದ್ದ ಸೇನಾಧಿಪತಿ, ಶೋಗನ್ ಯೊಶಿಮುನೆ, ನಾಡಿಗೆಲ್ಲ ಮಿತವ್ಯಯ ಹೇರಿದ್ದಾಗ ಇವನು ನಾಟಕಶಾಲೆಗಳಿಗೆ, ಹಬ್ಬಗಳಿಗೆ ಬಾಗಿಲು ತೆರೆದ. ಊರು ತುಂಬಿತು, ವ್ಯಾಪಾರ ಕುದುರಿತು, ಒವಾರಿಯ ಖಜಾನೆ ಬರಿದಾಯಿತು. 1739ರಲ್ಲಿ ಅವನಿಗೆ ಗೃಹಬಂಧನ ವಿಧಿಸಲಾಯಿತು. 1764ರಲ್ಲಿ ತೀರಿಕೊಂಡ ಮೇಲೂ ಶಿಕ್ಷೆ ಮುಗಿಯಲಿಲ್ಲ, ಸಮಾಧಿಗೆ ಲೋಹದ ಬಲೆ ಹೊದಿಸಿದರು. ಅದನ್ನು ತೆಗೆದದ್ದು 1839ರಲ್ಲಿ.

ಅವನು ಬಂಧನದಲ್ಲಿದ್ದಾಗಲೇ, 1752ರಿಂದ 1755ರವರೆಗೆ, ಗೋಪುರಕ್ಕೆ ದೊಡ್ಡ ರಿಪೇರಿ ನಡೆಯಿತು. ಪೀಠ ಕುಸಿದು ಗೋಪುರ ವಾಲಿತ್ತು. ಕಲ್ಲು ಬಿಚ್ಚಿ ಮತ್ತೆ ಜೋಡಿಸಿದರು, ಭಾರ ಇಳಿಸಲು ಮೇಲಿನ ಚಾವಣಿಗಳ ಮಣ್ಣಿನ ಹೆಂಚು ತೆಗೆದು ತಾಮ್ರದ ಹೆಂಚು ಹಾಕಿದರು. ತುದಿಯಲ್ಲಿದ್ದ ಚಿನ್ನದ ಮೀನುಗಳನ್ನೂ ತೊಕುಗಾವಾ ಶೋಗನ್‌ಗಳು ಆಳಿದ ಎಡೋ ಕಾಲದಲ್ಲಿ ಮೂರು ಸಲ ಕರಗಿಸಿ ಎರಕ ಹೊಯ್ದರು, ಪ್ರತಿ ಸಲವೂ ಚಿನ್ನದ ಕಸುವು ಇಳಿಯಿತು. ‘ಹಿಂದಿನಂತೆಯೇ’ ಎನ್ನುವಾಗ ಇದನ್ನು ನೆನೆಯಬೇಕು: ದೊರೆಗಳೇ ತಮ್ಮ ಕಾಲದ ಅಗತ್ಯಕ್ಕೆ ತಕ್ಕಂತೆ ಗೋಪುರವನ್ನು ಬದಲಿಸಿದ್ದರು.

ಮೇಜಿ ಕಾಲದಲ್ಲಿ ಕೆಡವುವ ಮಾತು ಬಂದು ಹೋಯಿತು. 1945ರ ಮೇ 14ರ ಬಾಂಬ್ ದಾಳಿಯಲ್ಲಿ ಗೋಪುರ ಸುಟ್ಟುಹೋಯಿತು. ಯುದ್ಧಕ್ಕೆ ಮುಂಚೆ ತೆಗೆದ ಅಳತೆಯ ನಕ್ಷೆಗಳು, ಗಾಜಿನ ಪ್ಲೇಟಿನ ಛಾಯಾಚಿತ್ರಗಳು ಉಳಿದುಕೊಂಡವು. ಮರದ ಗೋಪುರದ ಕನಸಿಗೆ ಅವೇ ಆಧಾರ.

1959ರಲ್ಲಿ ಎದ್ದ ಕಾಂಕ್ರೀಟ್ ಗೋಪುರದೊಳಗೆ ಲಿಫ್ಟ್ ಇತ್ತು. ಗಾಲಿಕುರ್ಚಿಯಲ್ಲಿ ಬಂದವರೂ ಮೇಲೇರುತ್ತಿದ್ದರು. ಹೊಸದರಲ್ಲಿ ಲಿಫ್ಟ್ ಇರದು ಎಂದು 2018ರಲ್ಲಿ ಹೇಳಿದಾಗ ಅಂಗವಿಕಲರ ಸಂಘಟನೆಗಳು ಎದ್ದುನಿಂತವು. 2023ರಲ್ಲಿ ನಾಗರಿಕರ ಸಭೆಯೊಂದರಲ್ಲಿ ಅಂಗವಿಕಲರನ್ನು ಹೀಯಾಳಿಸಿದ ಮಾತುಗಳು ಕೇಳಿಬಂದವು. ಅಂದು ಅವರು ಕೇಳುತ್ತಿದ್ದದ್ದು, ಆರು ದಶಕ ತಮಗಿದ್ದ ದಾರಿಯನ್ನು.