ಕುರಿ ಮೇಯ್ದ ಗುಡ್ಡದ ಕೊನೆಯ ಪತಂಗಗಳು

1990ರಲ್ಲಿ ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯ ಒಂದು ಕಡಿದಾದ ಗುಡ್ಡದಲ್ಲಿ ಒಂದು ಜಾತಿಯ ಸುಮಾರು 20 ಪತಂಗಗಳು ಉಳಿದಿದ್ದವು. ಇಡೀ ಬ್ರಿಟನ್ನಿನಲ್ಲಿ ಆ ಜಾತಿಗೆ ಗೊತ್ತಿದ್ದ ನೆಲೆ ಅದೊಂದೇ.

ಇದರ ಹೆಸರು ನ್ಯೂ ಫಾರೆಸ್ಟ್ ಬರ್ನೆಟ್. ನ್ಯೂ ಫಾರೆಸ್ಟ್ ಇರುವುದು ದೂರದ ದಕ್ಷಿಣ ಇಂಗ್ಲೆಂಡಿನಲ್ಲಿ. ಅಲ್ಲಿ 1927ರಲ್ಲೇ ಇದರ ಕಥೆ ಮುಗಿಯಿತು. ಆಮೇಲೆ 1963ರಲ್ಲಿ ಸ್ಕಾಟ್‌ಲೆಂಡಿನ ಆರ್ಗೈಲ್ ಸೀಮೆಯಲ್ಲಿ ಸಿಕ್ಕಿತು. ಊರು ಬಿಟ್ಟು ತಲೆಮಾರು ಕಳೆದರೂ ನಮ್ಮ ಹೆಸರಿನ ಜೊತೆ ಹಳೇ ಊರು ಉಳಿಯುತ್ತದಲ್ಲ, ಹಾಗೆ ಇದಕ್ಕೂ ಉಳಿದಿದೆ.

ಪತಂಗ ಅಂದರೆ ರಾತ್ರಿ ದೀಪ ಸುತ್ತುವ ಹುಳ ಅಲ್ವಾ? ಇದು ಹಾರುವುದು ಹಗಲಲ್ಲಿ, ಅದೂ ಬಿಸಿಲು ಬಿದ್ದರೆ ಮಾತ್ರ. ಕಪ್ಪು ರೆಕ್ಕೆಯ ಮೇಲೆ ಕೆಂಪು ಚುಕ್ಕೆಗಳು. ಮೈಯಲ್ಲಿ ಸಯನೈಡ್ ಹೊಮ್ಮಿಸುವ ವಿಷವಿದೆ, ತಿನ್ನಬೇಡ ಎಂದು ಹಕ್ಕಿಗೆ ಆ ಕೆಂಪು ಹೇಳುತ್ತದೆ.

ಕುರಿಯ ಮುಂದೆ ಆ ವಿಷ ನಡೆಯಲಿಲ್ಲ. ಕುರಿ ಪತಂಗವನ್ನು ತಿನ್ನಲಿಲ್ಲ, ಅದರ ಮನೆಯನ್ನು ತಿಂದಿತು. ಇದರ ಮರಿಹುಳು ಹೆಚ್ಚಾಗಿ ಬೆಳೆಯುವುದು ಹಳದಿ ಹೂ ಬಿಡುವ ಒಂದು ಬಳ್ಳಿಯ ಮೇಲೆ. ನಮ್ಮ ಕೇಸರಿ ಬೇಳೆಯ ಹತ್ತಿರದ ನೆಂಟ ಆ ಬಳ್ಳಿ. ಕುರಿಗಳು ಜಾಸ್ತಿ ಮೇಯ್ದಾಗ ಬಳ್ಳಿ ಹೋಯಿತು, ಬೆಳೆದ ಪತಂಗಕ್ಕೆ ಮಕರಂದ ಕೊಡುವ ಹೂಗಳೂ ಹೋದವು. ಚಳಿಗಾಲವನ್ನು ಗಿಡಗಳ ಬುಡದಲ್ಲಿ ಕಳೆಯುವ ಹುಳುವಿಗೆ ಮರೆಯೂ ಇಲ್ಲವಾಯಿತು. ಯಾರೂ ಗುಡ್ಡ ಕಡಿಯಲಿಲ್ಲ, ಔಷಧಿ ಹೊಡೆಯಲಿಲ್ಲ. ಹುಲ್ಲು ಗಿಡ್ಡವಾಯಿತು, ಅಷ್ಟೇ. ದೂರದಿಂದ ನೋಡಿದರೆ ಗುಡ್ಡ ಹಸಿರಾಗೇ ಕಾಣುತ್ತಿತ್ತು.

ಯುರೋಪಿನ ಬೇರೆ ಕಡೆ ಈ ಜಾತಿ ಇದೆ, ಇಲ್ಲಿ ಹೋದರೇನು ಅನ್ನಬಹುದು. ನಾನು ಒಪ್ಪುವುದಿಲ್ಲ. ಸ್ಕಾಟ್‌ಲೆಂಡಿನದು ಬೇರೆಯೇ ಉಪಜಾತಿ, ಪ್ರಪಂಚದಲ್ಲಿ ಮತ್ತೆಲ್ಲೂ ಇಲ್ಲ.

ಉಪಾಯ ಸರಳವಾಗಿತ್ತು: ಬೇಲಿ. 1990ರ ದಶಕದಲ್ಲಿ ಕುರಿಗಳನ್ನು ಹೊರಗಿಟ್ಟ ಮೇಲೆ ಬಳ್ಳಿ ಮತ್ತೆ ಹಬ್ಬಿತು. 20 ಇದ್ದದ್ದು ಮುಂದೆ ಸಾವಿರಗಳಿಗೆ ಏರಿತು. ಪತಂಗ ಹಿಡಿದು ಕೂಡಿಡುವ ಸಂಗ್ರಹಕಾರರ ಭಯದಿಂದ ಆ ಗುಡ್ಡದ ಸರಿಯಾದ ವಿಳಾಸವನ್ನು ಹೊರಗೆ ಹೇಳುವುದಿಲ್ಲ.

ಹಾಗಂತ ಬೇಲಿ ಹಾಕಿ ಸುಮ್ನೆ ಕೂರುವಂತಿಲ್ಲ. ಮೇಯುವವರೇ ಇಲ್ಲದಿದ್ದರೆ ಒರಟು ಹುಲ್ಲು, ಜರೀಗಿಡ, ಪೊದೆ ಎದ್ದು ಬಳ್ಳಿಗೆ ಬಿಸಿಲು ತಪ್ಪುತ್ತದೆ. ಆಗ ಇದೇ ಕುರಿಗಳನ್ನು, ಎಣಿಸಿ, ಕೆಲವು ದಿನದ ಮಟ್ಟಿಗೆ ಒಳಗೆ ಬಿಡಬೇಕಾಗುತ್ತದೆ.